ಹನ್ನೊಂದು ಹೊಸ್ತಿಲಿನ ಮಾವ

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಬೇಕಾದರೆ ಹನ್ನೊಂದು ಹೊಸ್ತಿಲು ದಾಟಬೇಕು. ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಂಡಿರಾ? ಬೇಕಾದರೆ ದುರ್ಗದಿಂದ ಮದಕರಿಪುರದ ಕಡೆಗೆ ಹೋಗುವ ಬಸ್ಸು ಹತ್ತಿ, ಬಂದು ಎಣಿಸಿಕೊಳ್ಳಿ. ಗೇಟಿನಿಂದ ಅಡುಗೆಮನೆಯವರೆಗೆ ಇರುವ ಬಾಗಿಲು ಎರಡೇ ಎರಡು. ಮಿಕ್ಕ ಒಂಬತ್ತು ಹೊಸ್ತಿಲಿಗೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಅಂಗಳದಲ್ಲಿ ಐದು, ಪಡಸಾಲೆಯಲ್ಲಿ ನಾಲ್ಕು, ಸುಮ್ಮನೆ ಅಡ್ಡಡ್ಡ ಮಲಗಿವೆ. ಮೊದಲು ಒಟ್ಟು ಹತ್ತಿದ್ದವು. ಹನ್ನೊಂದಾದ ಕತೆ ಆಮೇಲೆ ಹೇಳುತ್ತೇನೆ.

ಹೊಸ್ತಿಲು ಅಂದಮೇಲೆ ಅದಕ್ಕೊಂದು ಶಾಸ್ತ್ರ ಇದ್ದೇ ಇದೆಯಲ್ಲ. ತುಳಿಯಬಾರದು, ಮೇಲೆ ಕೂರಬಾರದು, ಸೀನಬಾರದು. ಆಚೆಯಿಂದ ಈಚೆಗೆ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು. ಒಂದು ಹೊಸ್ತಿಲಿರುವ ಮನೆಯಲ್ಲಿ ಇದನ್ನೆಲ್ಲ ಪಾಲಿಸುವುದು ಸುಲಭ. ಮಾವನ ಮನೆಯಲ್ಲಿ? ಅತ್ತೆ ಕಾಫಿ ಹಿಡಿದು ಆ ಕಡೆ ನಿಂತಿರುತ್ತಾರೆ. ನಾನು ಈ ಕಡೆಯಿಂದ ಕೈ ಚಾಚುವಂತಿಲ್ಲ. ಒಂದೋ ಅವರು ದಾಟಿ ಬರಬೇಕು, ಇಲ್ಲವೇ ನಾನು ದಾಟಿ ಹೋಗಬೇಕು. ಮರ್ಯಾದೆಗೆಂದು ಇಬ್ಬರೂ ಒಟ್ಟಿಗೆ ದಾಟಿಬಿಟ್ಟರೆ, ಮತ್ತೆ ನಡುವೆ ಹೊಸ್ತಿಲು! ಆ ಮನೆಯಲ್ಲಿ ನಾನು ಬಿಸಿ ಕಾಫಿ ಕುಡಿದ ನೆನಪಿಲ್ಲ.

ಮಾವ ಮೂವತ್ತು ವರ್ಷ ಹೊಸದುರ್ಗ, ಹೊಳಲ್ಕೆರೆ, ದುರ್ಗ ಅಂತ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಯಾವ ಮುಖ ಯಾವ ಊರಿನದು, ಯಾವ ಗಂಟು ಯಾವ ಸೀಟಿನ ಕೆಳಗಿನದು, ಎಲ್ಲ ಬಾಯಿಪಾಠ. ಬಸ್ಸಿನಲ್ಲಿ ಯಾರಾದರೂ ಛತ್ರಿ ಮರೆತು ಇಳಿದುಹೋದರೆ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದ. ಬಿಟ್ಟುಹೋದದ್ದನ್ನು ಜೋಪಾನ ಮಾಡುವ ಚಟ ಅವನಿಗೆ ಅಲ್ಲಿಂದಲೇ ಅಂಟಿದ್ದಿರಬೇಕು.

ಅಷ್ಟರಲ್ಲಿ ನಮ್ಮ ಪೇಟೆ ರಸ್ತೆ ಅಗಲವಾಗುವ ಕಾಲ ಬಂತು. ಅಳತೆಯವರು ಬಂದು ಅಂಗಡಿ, ಮನೆ ಎನ್ನದೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಹೋದರು. ಒಬ್ಬರ ಜಗಲಿ, ಇನ್ನೊಬ್ಬರ ಪಡಸಾಲೆ, ಮತ್ತೊಬ್ಬರ ದೇವರ ಮನೆಯ ಅರ್ಧ, ಎಲ್ಲ ಗೆರೆಯ ಆಚೆ. ಸಂಜೆಯಾದರೆ ಜನ ಜೇಸಿಬಿ ನೋಡಲು ನಿಲ್ಲುತ್ತಿದ್ದರು. ಮಾವನೂ ನಿಂತ. ನಿಂತವನ ಕಣ್ಣಿಗೆ ಮಣ್ಣು, ಇಟ್ಟಿಗೆಯ ರಾಶಿಯಲ್ಲಿ ಒಂದು ಹೊಸ್ತಿಲು ಬಿತ್ತು. ಅವತ್ತು ಶುಕ್ರವಾರ. ಬೆಳಿಗ್ಗೆ ಹಚ್ಚಿದ ಅರಿಸಿನ ಇನ್ನೂ ಮಾಸಿರಲಿಲ್ಲವಂತೆ. ನೋಡಲು ನಿಂತ ಜನ ಅದರ ಮೇಲೆ ಕಾಲಿಟ್ಟು ಆಚೀಚೆ ಓಡಾಡುತ್ತಿದ್ದರು. ಮಾವ ಜೇಸಿಬಿಗೆ ಅಡ್ಡ ನಿಂತು ಕೈ ಮೇಲೆತ್ತಿದ. ಆ ಕೈಗೆ ಮೂವತ್ತು ವರ್ಷದ ಅಭ್ಯಾಸ, ಎಂಥ ಗಾಡಿಯಾದರೂ ನಿಲ್ಲಲೇಬೇಕು.

"ತಡೀರಿ, ಇನ್ನೊಬ್ರು ಇಳಿಯೋರು ಅವ್ರೆ" ಅಂದನಂತೆ.

ಹೊಸ್ತಿಲನ್ನು ಎಳೆದು ಹೊರಗಿಟ್ಟಮೇಲೆ, ಸೀಟಿ ಇಲ್ಲದ್ದರಿಂದ ಬಾಯಲ್ಲೇ ಊದಿ "ರೈಟ್" ಅಂದ. ಗಾಡಿ ಮುಂದೆ ಹೋಯಿತು. ಹೀಗೆ ಒಂಬತ್ತು ಸಲ. ಮನೆಯವರನ್ನು ಕೇಳಿ, ಒಪ್ಪಿಸಿ, ಲಗೇಜು ಆಟೋದಲ್ಲಿ ತಾನೂ ಹಿಂದೆ ಕೂತು ತಂದ. ಪ್ರತಿಯೊಂದರ ಬದಿಗೂ ಯಾರ ಮನೆಯದು ಎಂದು ಬಣ್ಣದಲ್ಲಿ ಬರೆದ.

ತಂದದ್ದೇನೋ ಸರಿ, ಪೂಜೆ ಮಾಡುವವರು ಯಾರು? ಶುಕ್ರವಾರ ಬಂತೆಂದರೆ ಅತ್ತೆ ಬಕೆಟ್ಟು, ಅರಿಸಿನದ ಬಟ್ಟಲು ಹಿಡಿದು ಗೇಟಿನಿಂದ ಶುರು ಮಾಡಬೇಕು. ಅಡುಗೆಮನೆ ಮುಟ್ಟುವ ಹೊತ್ತಿಗೆ ಹತ್ತೂವರೆ. ಒಂದು ಶುಕ್ರವಾರ ಅವರು ಬಕೆಟ್ಟನ್ನು ಮಾವನ ಮುಂದೆ ಕುಕ್ಕಿ, ಲಕ್ಷ್ಮಿಗಾದರೂ ಯಾವ ಹೊಸ್ತಿಲು ನಮ್ಮದು ಅಂತ ಗೊತ್ತಾಗಬೇಡವೇ, ಪಾಪ, ಗೇಟಿನಲ್ಲೇ ನಿಂತು ವಾಪಸ್ಸು ಹೋಗುತ್ತಾಳೆ ಎಂದರು. ಮಾವ ಬಕೆಟ್ಟು ಎತ್ತಿಕೊಂಡ. ಅಂದಿನಿಂದ ಅಂಗಳದ ಐದು ಅವನ ಪಾಲು.

ಇದನ್ನೆಲ್ಲ ನಾನು ನಮ್ಮ ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದೆ. ನಮ್ಮದು ಅದೇ ರಸ್ತೆಯಲ್ಲಿ ಪಾತ್ರೆ ಅಂಗಡಿ, ಹಿಂದೆಯೇ ಮನೆ. ಕೊನೆಗೆ ಕೆಂಪು ಗೆರೆ ನಮ್ಮ ಬಾಗಿಲಿಗೂ ಬಂತು. ಮುಂದಿನ ಹದಿನಾಲ್ಕು ಅಡಿ ಹೋಯಿತು. ಹೋದರೆ ಹೋಗಲಿ, ಇದೇ ನೆಪದಲ್ಲಿ ಹೊಸದಾಗಿ ಕಟ್ಟಿಸೋಣ ಎಂದು ನಾನು ಉಬ್ಬಿಹೋದೆ. ಗಾಜಿನ ಬಾಗಿಲು, ಹೊಳೆಯುವ ಟೈಲ್ಸು, ರಸ್ತೆಯಿಂದ ಒಳಮನೆಯ ತನಕ ಒಂದೇ ಮಟ್ಟದ ನೆಲ. ಇಂಜಿನಿಯರು, ಈಗ ಹೊಸ್ತಿಲು ಯಾರೂ ಇಡಲ್ಲ ಸಾರ್ ಅಂದ. ನಾನು ಹೌದೌದು ಅಂದೆ. ಒಡೆಯುವವನು ಹಳೆಯ ಮರವನ್ನೆಲ್ಲ ತಾನೇ ಒಯ್ಯುತ್ತೇನೆ ಅಂದ. ಅದಕ್ಕೂ ಹೌದೌದು ಅಂದೆ.

ಅಮ್ಮ ಆಗ ನನ್ನ ಅಕ್ಕನ ಮನೆಯಲ್ಲಿದ್ದಳು. ಬಂದವಳು ಮೊದಲು ಕೇಳಿದ್ದೇ ಹೊಸ್ತಿಲನ್ನು. ಗೆದ್ದಲು ಹಿಡಿದಿತ್ತು, ಎತ್ತಿದರೆ ಪುಡಿಪುಡಿಯಾಯಿತು ಎಂದು ಹೇಳಿದೆ. ಶುದ್ಧ ಸುಳ್ಳು. ನಮ್ಮ ತಾತನ ಕಾಲದ ತೇಗ, ಅದಕ್ಕೆಲ್ಲಿಯ ಗೆದ್ದಲು! ಅದಕ್ಕಿದ್ದ ಊನ ಒಂದೇ, ಎಡತುದಿಯಲ್ಲಿ ಅಂಗೈ ಅಗಲದ ಸುಟ್ಟ ಕಲೆ. ಏಳು ವರ್ಷದವನಿದ್ದಾಗ ದೀಪಾವಳಿಯಲ್ಲಿ ಸುರುಸುರುಬತ್ತಿಯ ಕಟ್ಟನ್ನೇ ಅದರ ಮೇಲಿಟ್ಟು ಹಚ್ಚಿದ್ದೆ. ಅಪ್ಪನಿಗೆ ಕಾಣಬಾರದೆಂದು ಅಮ್ಮ ಅಲ್ಲಿ ಮಾತ್ರ ದಪ್ಪಗೆ ಅರಿಸಿನ ಮೆತ್ತುತ್ತಿದ್ದಳು. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ಮೆತ್ತುವುದನ್ನು ಬಿಟ್ಟಿರಲಿಲ್ಲ.

"ಹೌದಾ" ಅಂದಳು ಅಮ್ಮ.

ಮಾವನಿಗಾದರೂ ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಗೆ ಕೊಡಲಿ? ಊರಿಗೆಲ್ಲ ಅವನ ಹೊಸ್ತಿಲ ಹುಚ್ಚನ್ನು ಆಡಿಕೊಂಡು ನಕ್ಕವನು ನಾನೇ.

ಹೊಸ ಮನೆಯಲ್ಲಿ ಅಮ್ಮನ ಕಾಲಿಗೆ ಮಾತ್ರ ಏನೂ ತಿಳಿಸಲಾಗಲಿಲ್ಲ. ಅಂಗಡಿಯಿಂದ ಮನೆಯೊಳಗೆ ಹೋಗುವಾಗಲೆಲ್ಲ ಹಳೆಯ ಹೊಸ್ತಿಲಿದ್ದ ಜಾಗದಲ್ಲಿ ಬಲಗಾಲು ಗೇಣೆತ್ತರ ಎತ್ತಿ ದಾಟುತ್ತಿದ್ದಳು. ದಾಟಲು ಅಲ್ಲಿ ಬರಿಯ ಟೈಲ್ಸು. ಗಿರಾಕಿಗಳು ಮೊದಮೊದಲು ನಕ್ಕರು. ನನ್ನ ಹೆಂಡತಿ ಮಂಡಿನೋವಿರಬೇಕು ಎಂದು ಎಣ್ಣೆ ತಂದಳು. ನನಗೆ ಗೊತ್ತಿತ್ತು. ಪ್ರತಿ ಸಲ ಆ ಕಾಲು ಮೇಲೆ ಹೋದಾಗಲೂ ನಾನು ತಲೆ ತಗ್ಗಿಸಿ ಪಾತ್ರೆ ಒರೆಸುತ್ತಿದ್ದೆ.

ಆಮೇಲೆ ಅಮ್ಮ ಶುಕ್ರವಾರ ಶುಕ್ರವಾರ ತಮ್ಮನ ಮನೆಗೆ ಹೋಗಲು ಶುರುಮಾಡಿದಳು. ಇದು ಆಶ್ಚರ್ಯ! ಅಕ್ಕ ತಮ್ಮ ಒಂದು ಗಂಟೆ ಒಟ್ಟಿಗೆ ಕೂತರೆ ಮೂರು ಜಗಳ ಗ್ಯಾರಂಟಿ. ವಯಸ್ಸಾದಂತೆ ಪ್ರೀತಿ ಹೆಚ್ಚಿತೇನೋ ಅಂದುಕೊಂಡು ಆಟೋ ಹತ್ತಿಸಿ ಕಳಿಸುತ್ತಿದ್ದೆ. ಮೊನ್ನೆ ಆಟೋದವನು ಬರಲಿಲ್ಲ. ಕರೆದುತರಲು ನಾನೇ ಹೋದೆ.

ಅಂಗಳ ದಾಟಿದೆ, ಮುಂಬಾಗಿಲು ದಾಟಿದೆ, ಪಡಸಾಲೆ ದಾಟಿದೆ. ನನ್ನ ಲೆಕ್ಕಕ್ಕೆ ಹತ್ತು ಮುಗಿಯಿತು. ಅಡುಗೆಮನೆಗೆ ಹೊಸ್ತಿಲಿರಲಿಲ್ಲವಲ್ಲ ಎಂದು ಸಲೀಸಾಗಿ ಕಾಲು ಮುಂದಿಟ್ಟವನು ಹಾಗೆಯೇ ನಿಂತೆ. ಅಮ್ಮ ಅಲ್ಲಿ ನೆಲದ ಮೇಲೆ ಕೂತಿದ್ದಳು. ಮುಂದೆ ಅರಿಸಿನದ ಬಟ್ಟಲು. ಅವಳ ಬೆರಳು ಎಡತುದಿಯಲ್ಲಿ, ಅಂಗೈ ಅಗಲದ ಒಂದು ಕಲೆಯ ಮೇಲೆ, ದಪ್ಪಗೆ ಅರಿಸಿನ ಮೆತ್ತುತ್ತಿತ್ತು.

ನಮ್ಮ ಹಳೆಯ ಬಾಗಿಲು ಮಾವನ ಅಡುಗೆಮನೆಯ ಬಾಗಿಲಿಗಿಂತ ಅಗಲ. ಒಡೆಯುವವನಿಂದ ಬಿಡಿಸಿ ತಂದ ಹೊಸ್ತಿಲು ಕೂರಿಸಲು ಅವನು ಎರಡೂ ಕಡೆ ಗೋಡೆ ಒಡೆಸಿದ್ದ. ಹೊಸ ಸಿಮೆಂಟಿಗೆ ಇನ್ನೂ ಸುಣ್ಣ ಬಿದ್ದಿರಲಿಲ್ಲ. ಊರೆಲ್ಲ ರಸ್ತೆಗೆಂದು ಮನೆ ಒಡೆದುಕೊಂಡರೆ, ಇವನು ಅಕ್ಕನ ಹೊಸ್ತಿಲಿಗೆಂದು ತನ್ನ ಗೋಡೆ ಒಡೆದುಕೊಂಡಿದ್ದ.

ಹಿಂದಿನಿಂದ ಮಾವ ಬಂದವನು ನನ್ನ ಮುಖ ನೋಡಿ, ಅಮ್ಮನ ಕಡೆ ತಿರುಗಿ ಗಡಿಬಿಡಿಯಲ್ಲಿ ಹೇಳಿದ.

"ನಾನು ಹೇಳ್ಲಿಲ್ವೇನಕ್ಕಾ, ಇವ್ನೇ ತಂದುಕೊಟ್ಟಿದ್ದು. ನಮ್ಮಮ್ಮನ ಹೊಸ್ತಿಲು, ಜ್ವಾಪಾನ ಮಾಮ ಅಂತಂದ."

ನಾನು ನಕ್ಕದ್ದೆಲ್ಲ ಅವನ ಕಿವಿಗೆ ಬಿದ್ದಿರಲೇಬೇಕು. ಆದರೂ ನನ್ನ ಮಾನ ಉಳಿಸಲು ನಿಂತಿದ್ದ.

"ಇಲ್ಲಮ್ಮ" ಅಂದೆ. "ನಾನು ತಂದುಕೊಟ್ಟಿಲ್ಲ. ಗೆದ್ದಲೂ ಹಿಡಿದಿರ್ಲಿಲ್ಲ. ನಾನೇ ಬೇಡ ಅಂತ ಕೊಟ್ಟು ಕಳಿಸಿದ್ದೆ."

ಅಮ್ಮ ತಲೆ ಎತ್ತಲಿಲ್ಲ. ಕಲೆ ಪೂರ್ತಿ ಮುಚ್ಚಿದ ಮೇಲೆ ಮೂರು ಬೊಟ್ಟು ಕುಂಕುಮ ಇಟ್ಟಳು.

"ಗೊತ್ತೈತೆ ಬಿಡಪ್ಪ. ನನ್ನ ತಮ್ಮಗೆ ಚಿಕ್ಕಂದಿನಿಂದ್ಲೂ ಸುಳ್ಳು ಹೇಳಾಕೆ ಬರಲ್ಲ" ಅಂದಳು. ಅರಿಸಿನದ ಬಟ್ಟಲು ಪಕ್ಕಕ್ಕಿಟ್ಟು, "ನಿನಗೂ ಬರಲ್ಲ. ಒಳಗೆ ಬಾ, ಕಾಫಿ ಆರೋಗ್ತೈತೆ" ಅಂದಳು.

ಆ ಕಡೆ ಅತ್ತೆ ಲೋಟ ಹಿಡಿದು ನಿಂತಿದ್ದರು. ಎಂದಿನಂತೆ ಹೊಸ್ತಿಲಾಚೆಗೆ ಅವರೂ ಕೈ ಚಾಚಲಿಲ್ಲ, ನಾನೂ ಚಾಚಲಿಲ್ಲ. ನಾನು ಬಲಗಾಲನ್ನು ಅಮ್ಮನ ಹಾಗೆಯೇ ಗೇಣೆತ್ತರ ಎತ್ತಿ ನಮ್ಮ ಮನೆಯ ಹೊಸ್ತಿಲು ದಾಟಿದೆ.