ನನ್ನ ರಕ್ತ ಕೈಕೊಟ್ಟ ಕಥೆ

ವಯಸ್ಸಾದವರ ಮಾತನ್ನು ಯಾರೂ ಕೇಳುವುದಿಲ್ಲ. ಅವರ ರಕ್ತ ಹೇಳುವುದನ್ನು ಮಾತ್ರ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತು ಅರ್ಧ ಮದರಾಸಿನೊಡನೆ ಜಗಳವಾಡಿದ ನಾನು, ನಿವೃತ್ತಳಾದ ಮೇಲೆ ತಾಂಬರಂನ ಫ್ಲಾಟಿನಲ್ಲಿ ಪ್ರೆಷರ್ ಕುಕ್ಕರಿನ ಜೊತೆ ಮಾತಾಡುತ್ತಿದ್ದೇನೆ. ಅಮ್ಮ ಹೋದ ಮೇಲೆ ಮನೆಯಲ್ಲಿ ನನ್ನ ಕನ್ನಡ ಕೇಳಿಸಿಕೊಳ್ಳುವುದು ಅದೊಂದೇ. ಆಗಾಗ ಸೀಟಿ ಹೊಡೆದು ಒಪ್ಪಿಗೆಯನ್ನೂ ಸೂಚಿಸುತ್ತದೆ. ಯಾಕೆ ಮದುವೆಯಾಗಲಿಲ್ಲ ಎಂದು ಪೀಡಿಸುತ್ತಿದ್ದವರೂ ಈಗ ಸುಮ್ಮನಾಗಿದ್ದಾರೆ. ಆ ಪ್ರಶ್ನೆಗೂ ಒಂದು ದಿನ ಹಂಬಲಿಸಬೇಕಾದೀತೆಂದು ಎಣಿಸಿರಲಿಲ್ಲ.

ಹೀಗಿರುವಾಗ, ಮುದುಕರ ಕೈಕಾಲು ಸೋಲುವ ಸೂಚನೆ ರಕ್ತದಲ್ಲಿ ಮೊದಲೇ ಸಿಗುತ್ತದೆಯೇ ಎಂದು ತ್ರಿಪ್ಲಿಕೇನಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡುತ್ತಿರುವ ಸುದ್ದಿ ಬಂತು. ಟ್ರೈನು ಹತ್ತಿ ಹೊರಟೆ. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯ ಹೆಂಗಸೊಬ್ಬರು ತಮ್ಮಷ್ಟಕ್ಕೆ, “ಒಂದು ಸೂಜಿ ಚುಚ್ಚಲಿಕ್ಕೆ ಇಷ್ಟು ಹೊತ್ತು ಉಪವಾಸವಾ ದೇವರೇ!” ಎಂದರು. ನನ್ನ ಕಿವಿ ನಿಮಿರಿತು.

“ನೀವು ಕನ್ನಡದವರಾ?”

“ಉಡುಪಿ ಕಡೆ ಮಾರಾಯ್ತಿ. ಇಲ್ಲೇ ಮೆಸ್ ಇತ್ತು ನಮ್ಮದು. ಯಜಮಾನರು ಹೋದ ಮೇಲೆ ಮುಚ್ಚಿದೆ.”

ಹೆಸರು ವಾರಿಜಕ್ಕ. ರಕ್ತ ತೆಗೆದಾದ ಮೇಲೆ ನರ್ಸ್ ಹುಡುಗಿ ಅವರಿಗೆ ಕೈಹಿಡಿತ ಅಳೆಯುವ ಯಂತ್ರ ಕೊಟ್ಟು, “ನಲ್ಲಾ ಅಳುತ್ತುಂಗಮ್ಮಾ” ಎಂದಳು. ಚೆನ್ನಾಗಿ ಒತ್ತಿ ಅಂತ. ವಾರಿಜಕ್ಕ ನನ್ನತ್ತ ತಿರುಗಿ, “ಅಳಲಿಕ್ಕೆ ಇವಳು ಬೇರೆ ಹೇಳಬೇಕಾ?” ಎಂದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆದರೆ ಬೀದಿಗೆಲ್ಲ ಸಾಕಾಗುವಷ್ಟು ಹಿಟ್ಟು ರುಬ್ಬಿದ್ದ ಆ ಕೈಗೆ ಯಂತ್ರದ ಮುಳ್ಳು ಅಲುಗಿತೋ ಇಲ್ಲವೋ ಎಂಬಂತಿತ್ತು.

ಮುಂದಿನ ವಾರ ಫಲಿತಾಂಶ. ವಾರಿಜಕ್ಕನ ಸ್ನಾಯು ಸವೆಯುತ್ತಿದೆ, ವಾರವಾರ ವ್ಯಾಯಾಮಕ್ಕೆ ಬರಬೇಕು ಎಂದರು. ನನಗೋ, “ನಿಮ್ಮ ರಕ್ತ ನಿಮಗಿಂತ ಚಿಕ್ಕ ವಯಸ್ಸಿನದಮ್ಮಾ. ಇನ್ನು ಬರುವುದೇ ಬೇಡ” ಎಂದರು ಡಾಕ್ಟರು.

“ಇನ್ನೊಂದ್ಸಲ ನೋಡಿ ಡಾಕ್ಟ್ರೇ. ಬೇರೆ ಯಾರದಾದರೂ ರಕ್ತ ಇರಬಹುದು” ಎಂದು ತಮಿಳಿನಲ್ಲಿ ಗೋಗರೆದೆ. ಅವರು ನನ್ನ ಬೆನ್ನು ತಟ್ಟಿ ಕಳಿಸಿದರು. ನೆಟ್ಟಗಿರುವವಳನ್ನು ಯಾರೂ ಮತ್ತೆ ಕರೆಯುವುದಿಲ್ಲ.

ಹೊರಗೆ ವಾರಿಜಕ್ಕ ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. “ಮನೆಯಲ್ಲಿ ಬಿದ್ದರೆ ಕರೆಯಲಿಕ್ಕೆ ಯಾರುಂಟು ಹೇಳು? ಅದಿರಲಿ, ನಿನಗೆ ಎಂತ ಹೇಳಿದ್ರು?”

“ನಂಗೂ ವೀಕಂತೆ ವಾರಿಜಕ್ಕ. ವಾರವಾರ ಬರಬೇಕಂತೆ.”

“ಅಯ್ಯೋ ಪಾಪ!” ಎಂದರು. ಮುಖ ಮಾತ್ರ ಅರಳಿತ್ತು.

ಮೊಣಕಾಲು ನೋವೆಂದು ಕಾಡಿಬೇಡಿ ಆ ತರಗತಿಗೆ ಸೇರಿಕೊಂಡೆ. ಮೊದಲ ದಿನವೇ ವ್ಯಾಯಾಮದ ಹುಡುಗಿ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, ಈ ಅಮ್ಮನ ಹಾಗೆ ಮಾಡಿ ಎಂದು ತೋರಿಸತೊಡಗಿದಳು. ಓಡಿಸಿಬಿಟ್ಟಾಳೆಂದು ಹೆದರಿ, ಕೈ ಎತ್ತುವಾಗೊಮ್ಮೆ ಇಳಿಸುವಾಗೊಮ್ಮೆ ಜೋರಾಗಿ ನರಳಿದೆ. ಪಕ್ಕದಲ್ಲಿದ್ದ ವಾರಿಜಕ್ಕ ತಲೆಯೆತ್ತದೆ ಪಿಸುಗುಟ್ಟಿದರು: “ಅಷ್ಟೆಲ್ಲ ಬೇಡ ಮಾರಾಯ್ತಿ. ಅಡ್ಮಿಟ್ ಮಾಡಿಯಾರು!”

ಅಂದಿನಿಂದ ಹದವಾಗಿ ನರಳುತ್ತೇನೆ.