ಗುಂಯ್‌ಗುಟ್ಟುವ ಗಂಟಲು

ಕತ್ತಿಗೆ ಯಂತ್ರ ಒತ್ತಿಕೊಂಡು ಮಾತಾಡುವವನು ತಮಾಷೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಯಿ ತೆರೆದರೆ ಸಾಕು, ಅವೇ ಬಂದು ಎದುರಿಗೆ ನಿಲ್ಲುತ್ತವೆ.

ನಾನು ನಂಜನಗೂಡಿಗೂ ತಿ. ನರಸೀಪುರಕ್ಕೂ ಓಡಾಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ನಾನು ‘ರೈಟ್’ ಅಂದರೆ ಮುಂದಿನ ಸ್ಟಾಪಿನವರೂ ಚೀಲ ಎತ್ತಿಕೊಳ್ಳುತ್ತಾರೆ ಎಂದು ನಮ್ಮ ಡ್ರೈವರ್ ರೇಗಿಸುತ್ತಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ಆ ಗಂಟಲು ಕಟ್ಟಿತು. ಶೀತ ಅಂತ ಕಷಾಯ ಕುಡಿದೆ. ಅದು ಕ್ಯಾನ್ಸರ್ ಆಗಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಉಸಿರಾಡಲು ಕತ್ತಿನಲ್ಲೊಂದು ತೂತು ಉಳಿಯಿತು. ತುಟಿ, ನಾಲಿಗೆ ಮೊದಲಿನ ಹಾಗೇ ಆಡುತ್ತಿದ್ದವು. ಸದ್ದು ಮಾತ್ರ ಇಲ್ಲ.

ಜೀವ ಉಳಿಯಿತಲ್ಲ ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಮರೆತು ಮಗಳನ್ನು ಹೆಸರು ಹಿಡಿದು ಕೂಗಿದೆ. ಪಕ್ಕದ ಕೋಣೆಯಲ್ಲೇ ಇದ್ದ ಅವಳಿಗೆ ಕೇಳಲಿಲ್ಲ. ಆವತ್ತು ಅಳು ಬಂತು. ಅಳುವಿಗೂ ಸದ್ದಿಲ್ಲದ್ದರಿಂದ ಅದೂ ಯಾರಿಗೂ ಗೊತ್ತಾಗಲಿಲ್ಲ.

ಮಾವನೋ ಭಾವನೋ

ಆ ದಿನಗಳಲ್ಲಿ ನನ್ನ ಹೆಂಡತಿಯೇ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಬರೆದು ತೋರಿಸಲು ಹೋದರೆ ಅವಳಿಗೆ ಅವಮಾನ. “ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ, ನೀವು ಬಾಯಿ ಬಿಡೋಕ್ ಮುಂಚೆನೇ ನಂಗೆ ಗೊತ್ತಾಯ್ತದೆ ಸುಮ್ನಿರಿ” ಅನ್ನುತ್ತಿದ್ದಳು.

ನನ್ನನ್ನು ನೋಡಲು ತಲಕಾಡಿನಿಂದ ನನ್ನ ಅಕ್ಕನ ಗಂಡ ಬರುತ್ತಾರೆಂದು ಬಸ್ಸಿನವರು ಸುದ್ದಿ ತಂದರು. ನಾನು ಅಡುಗೆಮನೆಗೆ ಹೋಗಿ ‘ಭಾವ ಬತ್ತಾರೆ’ ಎಂದು ತುಟಿ ಆಡಿಸಿದೆ. ‘ಭಾ’ ಅಂದರೂ ‘ಮಾ’ ಅಂದರೂ ತುಟಿ ಒಂದೇ ಥರ ಕೂಡುತ್ತದೆ ಅನ್ನುವುದು ಗಂಟಲಿದ್ದಾಗ ನನ್ನ ತಲೆಗೇ ಬಂದಿರಲಿಲ್ಲ. ಅವಳು ‘ಮಾವ’ ಎಂದು ಓದಿಕೊಂಡಳು. ತನ್ನ ಅಪ್ಪನೇ ಬರುತ್ತಿದ್ದಾರೆಂದು ಹಿಗ್ಗಿ ಅಡುಗೆಗೆ ನಿಂತಳು. ಅವರಿಗೆ ಸಕ್ಕರೆ ಕಾಯಿಲೆ, ಬಾಯಲ್ಲಿ ಹಲ್ಲಿಲ್ಲ, ಖಾರ ಆಗುವುದಿಲ್ಲ.

ಬಂದವರು ಭಾವ. ಗದ್ದೆ ಕೆಲಸದ ಆಳು, ಕೂತರೆ ಮಣೆ ಕಿರ್ರೆನ್ನುವ ಮೈಕಟ್ಟು. ಎಲೆಗೆ ಬಿದ್ದದ್ದು ಗಂಜಿಯಂಥ ಅನ್ನ, ಖಾರವಿಲ್ಲದ ಬೇಳೆಕಟ್ಟು, ಹಿಸುಕಿದ ಕುಂಬಳಕಾಯಿ. ಕೊನೆಗೆ ಸಕ್ಕರೆಯಿಲ್ಲದ ಕಾಫಿ. ಅವರು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಗಂಭೀರವಾಗಿ ಕೇಳಿದರು: “ಅಲ್ಲಾ ಕಣಮ್ಮಾ, ಆಪ್ರೇಸನ್ ಆಗಿರದು ಅವ್ನಿಗೋ ನಂಗೋ?”

ಮಿಕ್ಸಿ

ಮೈಸೂರಿನಲ್ಲಿ ಮಾತು ಕಲಿಸುವ ಮೇಡಂ ಒಬ್ಬರು ನನಗೆ ಆ ಯಂತ್ರ ಕೊಡಿಸಿದರು. ನೋಡಲು ಸಣ್ಣ ಟಾರ್ಚಿನ ಹಾಗಿದೆ. ಗುಂಡಿ ಒತ್ತಿದರೆ ತುದಿ ಗುಂಯ್ ಎಂದು ನಡುಗುತ್ತದೆ. ಅದನ್ನು ಕತ್ತಿನ ಮೆತ್ತನೆಯ ಜಾಗಕ್ಕೆ ಒತ್ತಿಕೊಂಡು ಬಾಯಾಡಿಸಿದರೆ ಗುಂಯ್ ಅನ್ನುವುದೇ ಮಾತಾಗಿ ಹೊರಗೆ ಬರುತ್ತದೆ. ಏರಿಳಿತ ಇಲ್ಲ. ಪ್ರೀತಿಗೂ ಸಿಟ್ಟಿಗೂ ಒಂದೇ ರಾಗ. ಜಾಗ ಒಂಚೂರು ತಪ್ಪಿದರೆ ಬರೀ ಜೀರುಂಡೆ. ಮೇಡಂ ಎದುರಿಗೆ ಕೂತು ಕಲಿತೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಚೆನ್ನಾಗಿ ಬಂತು ಅನ್ನಿಸಿದ ದಿನ ನಂಜನಗೂಡಿಗೆ ಬಂದವನೇ ಬಾಗಿಲಲ್ಲಿ ನಿಂತು ಹೆಂಡತಿಯ ಹೆಸರು ಕೂಗಿದೆ.

ಒಳಗಿನಿಂದ ಉತ್ತರ ಬಂತು: “ಯಾರದು ಮಿಕ್ಸಿ ಹಾಕಿದ್ದು? ಚಟ್ನಿ ಆಗ್ಲೇ ರುಬ್ಬಾಯ್ತಲ್ಲ!”

“ಮಿಕ್ಸಿ ಅಲ್ಲ ಕಣೇ, ನಾನು.”

ಸೌಟು ಹಿಡಿದೇ ಓಡಿಬಂದಳು. ನನ್ನ ಮುಖ ನೋಡಿದಳು, ಕತ್ತು ನೋಡಿದಳು, ಹೊಸಿಲ ಮೇಲೇ ಕೂತುಬಿಟ್ಟಳು. “ಇನ್ನೊಂದ್ ಸಲ ಅನ್ನಿ” ಅಂದಳು. ಅಂದೆ. “ಇನ್ನೊಂದ್ ಸಲ.” ಮತ್ತೆ ಅಂದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಷ್ಟು ತಿಂಗಳ ಮಾತು ನನ್ನೊಳಗೆ ಸಂತೆ ದಿನದ ಬಸ್ಸಿನಂತೆ ತುಂಬಿಕೊಂಡಿತ್ತು. ಅದರಲ್ಲಿ ಯಾವುದು ಮೊದಲು ನುಗ್ಗಿ ಇಳಿಯಿತೋ ಗೊತ್ತಿಲ್ಲ, “ಸಾರಿಗೆ ದಿನಾ ಹುಳಿ ಜಾಸ್ತಿ ಹಾಕ್ತೀಯ” ಅಂದುಬಿಟ್ಟೆ.

“ಬಂತಪ್ಪಾ ಗಂಟ್ಲು!” ಎಂದು ಎದ್ದಳು. ಆ ಸಂಜೆ ಎಷ್ಟೋ ತಿಂಗಳ ಮೇಲೆ ನಾವಿಬ್ಬರೂ ನೆಮ್ಮದಿಯಾಗಿ ಜಗಳ ಆಡಿದೆವು.

ಬಸ್‌ಸ್ಟ್ಯಾಂಡಿಗೆ ಕಂಪ್ಯೂಟರ್ ಬಂತು

ಬಸ್ಸಿನಲ್ಲಿ ಓಡಾಡುವುದು ಬೇಡ ಎಂದು ನನ್ನನ್ನು ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿದರು. ಒಮ್ಮೆ ಮೈಕಿನಲ್ಲಿ ಕೂಗುವವನು ರಜಾ ಹಾಕಿದಾಗ, ಧೈರ್ಯ ಮಾಡಿ ನಾನೇ ಕತ್ತಿಗೆ ಯಂತ್ರ ಒತ್ತಿ ಶುರು ಮಾಡಿದೆ. “ನಂಜನಗೂಡಿಗೆ ಹೋಗುವ ಬಸ್ಸು ಸ್ವಲ್ಪ ತಡವಾಗಿ ಬರುತ್ತದೆ.”

ಸ್ಟ್ಯಾಂಡಿನಲ್ಲಿ ಗುಸುಗುಸು ಹಬ್ಬಿತು. ಮೈಸೂರಿನಲ್ಲಿ ಎಲ್ಲ ಕಡೆ ಕಂಪ್ಯೂಟರ್ ಬರುತ್ತಿದ್ದ ಕಾಲ. ನಮ್ಮೂರಿಗೂ ಬಂದೇಬಿಟ್ಟಿತು ಅಂದುಕೊಂಡರು. ಪ್ಯಾಂಟು ಹಾಕಿದವರೊಬ್ಬರು, “ಉಚ್ಚಾರಣೆ ಪರ್ವಾಗಿಲ್ಲ, ಭಾವನೆ ಸಾಲ್ದು” ಎಂದು ಹೇಳುತ್ತಿದ್ದದ್ದು ನನಗೇ ಕೇಳಿಸಿತು. ಸೊಪ್ಪಿನ ಗಂಟು ಹೊತ್ತ ಅಜ್ಜಿಯೊಬ್ಬಳು ಮಾತ್ರ ಕಿಟಕಿಯಲ್ಲಿ ಇಣುಕಿ ಕೇಳಿದಳು: “ಸಾ, ಅದ್ಯಾಕೆ ನಿಮ್ಮ ಕಂಪೂಟ್ರಿಗೆ ನೆಗ್ಡಿಯಾ?”

ನಾನು ಯಂತ್ರ ಒತ್ತಿ, “ಕಂಪ್ಯೂಟರ್ ಅಲ್ಲಮ್ಮ, ನಾನೇ ಮಾತಾಡ್ತಿರೋದು” ಅಂದೆ.

ಅಜ್ಜಿ ಗಂಟು ಕೆಳಗಿಳಿಸಿ, ಸೊಂಟದ ಮೇಲೆ ಕೈ ಇಟ್ಟಳು. “ಮಿಸನ್ನು ಅಂತ ಇಷ್ಟೊತ್ಗಂಟ ಬಾಯ್ ಮುಚ್ಕಂಡಿದ್ದೆ. ಮನುಸ್ನೇ ಆದ್ರೆ ಯೋಳು ಮತ್ತೆ, ಬಸ್ಸೆಲ್ಲಿ ಸತ್ತದೆ?”

ಫ್ಯಾಕ್ಟರಿಗೆ ಫೋನು

ನನ್ನ ತಮ್ಮ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಅವನಿಗೆ ಫೋನ್ ಮಾಡಿದೆ. ಗೇಟಿನ ಸೆಕ್ಯೂರಿಟಿಯವನು ಎತ್ತಿಕೊಂಡ. ನಾನು ತಮ್ಮನ ಹೆಸರು ಹೇಳಿ, “ಅರ್ಜೆಂಟಾಗಿ ಕರೀರಿ” ಅಂದೆ. ಆ ಕಡೆ ರಿಸೀವರ್ ಟಕ್ಕೆಂದು ಮೇಜಿನ ಮೇಲೆ ಬಿತ್ತು. ಅವನು ಅಂಗಳಕ್ಕೆ ಓಡಿ ನನ್ನ ತಮ್ಮನನ್ನು ಕೂಗಿದ್ದು ನನಗೆ ಫೋನಿನಲ್ಲೇ ಕೇಳಿಸಿತು:

“ಅಣ್ಣಾ, ಬೇಗ ಬಾ! ಒಳ್ಗೆ ಯಾವ್ದೋ ಮಿಸನ್ ಕೆಟ್ಟೋಗದೆ, ಅದೇ ಫೋನ್ ಮಾಡದೆ!”

ಹೆಣ್ಣು ನೋಡಲು ಬಂದವರು

ಮಗಳಿಗೆ ಗಂಡು ನೋಡುವ ಹೊತ್ತಿಗೆ ನನಗೆ ನಗು ಕಡಿಮೆಯಾಗಿ ದಿಗಿಲು ಜಾಸ್ತಿಯಾಗಿತ್ತು. ಮೊದಲು ಬಂದ ಒಂದು ಸಂಬಂಧದವರು ನನ್ನ ದನಿ ಕೇಳಿ, ಹೇಳಿ ಕಳಿಸ್ತೀವಿ ಎಂದು ಹೋದವರು ಹೇಳಿ ಕಳಿಸಲೇ ಇಲ್ಲ. ನನಗೆ ಊಟ ಸೇರಲಿಲ್ಲ.

ಎರಡನೆಯ ಸಲ ನರಸೀಪುರದ ಕಡೆಯವರು ಬಂದಾಗ ನಮ್ಮ ಹಿರಿಯರೊಬ್ಬರು, “ಅದನ್ನ ಜೇಬಲ್ಲೇ ಇಟ್ಕೊ. ಸುಮ್ನೆ ನಗ್ತಾ ಕೂತ್ಕೊ” ಎಂದು ತಾಕೀತು ಮಾಡಿದರು. ಹಾಗೇ ಕೂತೆ. ಎದುರಿಗೆ ಹುಡುಗ, ಅವನ ತಾಯಿ, ಅಕ್ಕಿ ಗಿರಣಿಯಲ್ಲಿ ದುಡಿದು ಹಣ್ಣಾದ ಅವನ ಅಜ್ಜ. ಅಜ್ಜನೂ ನನ್ನ ಹಾಗೇ. ಯಾರು ಏನಂದರೂ ತಲೆಯಾಡಿಸಿ ನಗುವುದು, ಮಧ್ಯೆ ಮಧ್ಯೆ ಕೇಸರಿಬಾತು ತಿನ್ನುವುದು.

ಗುಂಡಿ ಒತ್ತದಿದ್ದರೆ ನನ್ನ ಮಾತು ಹೆಂಡತಿಗೆ ಬಿಟ್ಟು ಬೇರೆಯವರಿಗೆ ತಿಳಿಯುವುದಿಲ್ಲವಲ್ಲ, ಆ ಧೈರ್ಯದಲ್ಲಿ ಅವಳ ಕಡೆ ತಿರುಗಿ ತುಟಿ ಆಡಿಸಿದೆ: ‘ಆ ಮುದುಕಪ್ಪನಿಗೆ ಇನ್ನು ಹಾಕ್ಬೇಡ ಕಣೇ, ಆಗ್ಲೇ ಮೂರು ತಟ್ಟೆ ಆಯ್ತು. ಹುಡುಗಿ ನೋಡಕ್ಕೆ ಬಂದವ್ರೋ ಕೇಸರಿಬಾತ್ ನೋಡಕ್ಕೆ ಬಂದವ್ರೋ!’

“ಮೂರಲ್ಲ, ಎಲ್ಡೇಯ ಕಣಪ್ಪಾ!” ಎಂದು ಅಜ್ಜ ಸೂರು ಹಾರುವಂತೆ ಕೂಗಿದರು. “ಇನ್ನೊಂದ್ ತಟ್ಟೆ ಈ ನನ್ಮಗಂದು. ನಾಚ್ಕೆ ಅಂತ ನನ್ ಮುಂದಕ್ ತಳ್ಳವ್ನೆ!”

ಹುಡುಗ ಕೆಂಪಗಾದ. ಮಿಕ್ಕವರಿಗೆ ಏನೂ ಅರ್ಥವಾಗಲಿಲ್ಲ. ಯಾರೂ ಏನೂ ಅನ್ನದೆ ಅಜ್ಜ ಯಾರಿಗೆ ಉತ್ತರ ಕೊಟ್ಟರು?

ಹುಡುಗನ ತಾಯಿ ತಲೆ ತಗ್ಗಿಸಿದರು. “ನಮ್ ಮಾವ್ನೋರ್ಗೆ ಎರಡೂ ಕಿವಿ ಕೇಳ್ಸಲ್ಲ ಕಣ್ರೀ. ತುಟಿ ನೋಡಿ ತಿಳ್ಕೋತಾರೆ. ಮೊದ್ಲೇ ಹೇಳಿದ್ರೆ ನೀವೆಲ್ಲಿ ಬ್ಯಾಡ ಅಂತೀರೋ ಅಂತ…”

ಅವರು ಕಿವಿ ಮುಚ್ಚಿಟ್ಟಿದ್ದರು, ನಾವು ಗಂಟಲು ಮುಚ್ಚಿಟ್ಟಿದ್ದೆವು! ಮೊದಲು ನಕ್ಕವಳು ಬಾಗಿಲ ಹಿಂದಿದ್ದ ನನ್ನ ಮಗಳು. ಆಮೇಲೆ ಹುಡುಗ. ಆಮೇಲೆ ಎಲ್ಲರೂ. ಎದೆಯ ಮೇಲಿಂದ ಚಪ್ಪಡಿ ಎತ್ತಿದ ಹಾಗಾಯಿತು ನನಗೆ. ಇನ್ನೇನು ಮುಚ್ಚುಮರೆ ಎಂದು ಜೇಬಿನಿಂದ ಯಂತ್ರ ತೆಗೆದು, ಕತ್ತಿಗೆ ಒತ್ತಿಕೊಂಡು, ಗುಂಯ್ ಎಂದು ಶುರು ಮಾಡಿದೆ: “ಅಜ್ಜಾ, ತಪ್ಪಾಯ್ತು, ಬೇಜಾರು ಮಾಡ್ಕೋಬೇಡಿ…”

ಹುಡುಗನ ತಾಯಿ ಬೆಚ್ಚಿದರು. ಅಜ್ಜ ಮಾತ್ರ ಕಣ್ಣು ಕಿರಿದು ಮಾಡಿ, ಕತ್ತು ಆ ಕಡೆ ಈ ಕಡೆ ವಾಲಿಸಿ ನನ್ನನ್ನೇ ನೋಡಿದರು. ಕೊನೆಗೆ ತಾಳ್ಮೆಗೆಟ್ಟು ಕೈಯೆತ್ತಿದರು.

“ಬೀಗ್ರೇ, ಅದ್ನ ಮೊದ್ಲು ತಗೀರಿ ಅತ್ಲಾಗೆ. ಕೈ ಅಡ್ಡ ಬಂದ್ರೆ ನಂಗೆ ಕೇಳ್ಸಾಕಿಲ್ಲ!”