ಜಬರ್ ಇಲ್ಲದ ಚೀಟಿ

ಆ ವರ್ಷ ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ: ಇನ್ನು ಮುಂದೆ ನನ್ನ ಮನೆಗೆ ಬರುವ ಉರ್ದು ಕಾಗದವನ್ನು ನಾನೇ ಓದುತ್ತೇನೆ, ಪಟವಾರಿಯ ಕಟ್ಟೆಯ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ! ನಿಜಾಮರ ರಾಜ್ಯದಲ್ಲಿ ಕಾಗದವೆಂದರೆ ಉರ್ದು. ನಮ್ಮ ಸಾಲಗುಂದದಲ್ಲಿ ಅದನ್ನು ಓದಬಲ್ಲವರು ಇಬ್ಬರೇ. ಮೂರನೆಯವನಾಗಲು ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಅಂಗಳದ ಮಣ್ಣಿನ ಮೇಲೆ ಕಡ್ಡಿ ಹಿಡಿದು ಅಲಿಫ್, ಬೇ ತಿದ್ದಿದೆ. ಮೂರು ತಿಂಗಳಲ್ಲಿ ಸಿಂಧನೂರಿನ ಒಂದು ಗೋಡೆಯ ಬರಹವೂ ನನ್ನಿಂದ ತಪ್ಪಿಸಿಕೊಳ್ಳಲಿಲ್ಲ.

"ಗ್ವಾಡಿ ಓದಿದ್ದು ಸಾಕು. ಸಜ್ಜಿ ರಾಶಿ ಬಯಲಾಗ ಬಿದ್ದೈತಿ, ಸುತ್ತ ಒಂದೀಟು ಮುಳ್ಳು ಬಡೀರಿ," ಎಂದಳು ಹೆಂಡತಿ ಶೇಖಮ್ಮ.

"ಬಡದ್ರಾತು ಬಿಡು," ಎಂದೆ. ಬಡಿಯಲಿಲ್ಲ.

ಉತ್ತರಿ ಮಳೆ ಬಂದು ಹೋದ ಮೂರನೆಯ ದಿನ ಬೆಳಿಗ್ಗೆ ನಮ್ಮ ಎತ್ತು ಮಾಸ್ಯಾ ಮೇವು ಮುಟ್ಟಲಿಲ್ಲ. ಎಡಗಡೆಯ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಕರಿನೆಲದಲ್ಲಿ ಬಿತ್ತುವ ಹದ ಇನ್ನು ನಾಲ್ಕು ದಿನ ಇದ್ದರೆ ಹೆಚ್ಚು. ಕೂರಿಗೆ ಎಳೆಯಲು ಎರಡು ಎತ್ತು ಬೇಕು. ಬಿತ್ತನೆಯ ದಿನಗಳಲ್ಲಿ ಯಾರೂ ತಮ್ಮ ಎತ್ತು ಬಿಟ್ಟುಕೊಡುವುದಿಲ್ಲ. ಮಾಸ್ಯಾ ಹೋದರೆ ಬಿಳಿಜೋಳ ಹೋಯಿತು, ಜೋಳ ಹೋದರೆ ಮನೆಯ ವರ್ಷದ ರೊಟ್ಟಿಯೇ ಹೋಯಿತು.

ಗಾಡಿಯ ಬಂದೇಸಾಬ ಸಿಂಧನೂರಿಗೆ ಹೊರಟಿದ್ದ. ಅಲ್ಲಿ ದನಗಳಿಗೆ ಔಷಧ ಕೊಡುವ ಹುಸೇನ್‌ಸಾಬ್ ಕಾಕಾನಿಗೆ ಸುದ್ದಿ ಮುಟ್ಟಿಸೆಂದೆ.

"ಏನ್ ಮಾಡಬೇಕಂತ ಕೇಳಿಕೊಂಡು ಬರ್ತೀನಿ ಬಿಡೋ ಆದೆಪ್ಪಾ."

"ಕೇಳಬ್ಯಾಡ, ಬರಸಿಕೊಂಡು ಬಾ. ನಾ ಓದ್ತೀನಿ."

ಮಧ್ಯಾಹ್ನ ಚೀಟಿ ಬಂತು. ಮೂರು ಸಾಲು. ನಾನು ಅಂಗಳದ ನಡುವೆ ನಿಂತು, ಕಚೇರಿಯ ಪೇಶಕಾರನಂತೆ ಗಂಟಲು ಸರಿಪಡಿಸಿಕೊಂಡು ಓದಿದೆ: "ಬೇಲ್ ಕೋ ಪಾನೀ ಮತ್ ದೇನಾ. ಖೇತ್ ಸೇ ದೂರ್ ರಖ್ನಾ. ಶಾಮ್ ಕೋ ಆತಾ ಹೂಂ."

"ಏನಂತ?" ಎಂದಳು ಶೇಖಮ್ಮ.

"ಬೇಲ್ ಅಂದ್ರ ಬಳ್ಳಿ. ಬಳ್ಳಿಗೆ ನೀರು ಕೊಡಬ್ಯಾಡ, ಹೊಲದಿಂದ ದೂರ ಇಡು, ಸಂಜಿಗೆ ಬರ್ತೀನಿ ಅಂತ."

"ಎತ್ತಿಗೆ ಜಡ್ಡಾಗೈತಿ ಅಂದ್ರ ಬಳ್ಳಿ ಸುದ್ದಿ ಯಾಕ ಬರದಾನ ಕಾಕಾ?"

ಆ ಪ್ರಶ್ನೆಗೆ ನಾನು ಒಂದು ಕ್ಷಣ ತಡವರಿಸಿದ್ದು ನಿಜ. ಆದರೆ ವಿದ್ಯಾವಂತನಿಗೆ ಅರ್ಥ ಹೊಳೆಯಲು ಎಷ್ಟು ಹೊತ್ತು? "ಬಳ್ಳಿ ತಿಂದು ಮಾಸ್ಯಾಗ ವಿಷ ಏರೈತಿ. ಹೊಲದಾಗಿನ ಬಳ್ಳಿ ಎಲ್ಲಾ ಕಿತ್ತು ಒಗಿ ಅಂತ ಅರ್ಥ."

"ಸಗಣ್ಯಾಗ ಇಡೀ ಇಡೀ ಸಜ್ಜಿಕಾಳು ಬಿದ್ದಾವ. ಅದು ರಾಶಿಗೆ ಬಾಯಿ ಹಾಕೈತಿ."

"ಬರದದ್ದು ದೊಡ್ಡದೋ, ಸಗಣಿ ದೊಡ್ಡದೋ?"

"ಸಗಣಿ," ಎಂದಳು.

ಅಜ್ಞಾನದೊಡನೆ ವಾದವೇಕೆ? ವಿಷ ಏರಿದ್ದರೆ ತೊಳೆಯಬೇಕು, ತೊಳೆಯಲು ನೀರು ಬೇಕು. ಬಾವಿಯಿಂದ ಎರಡು ಕೊಡ ಸೇದಿ ತಂದು ಕಲ್ಲಬಾನಿ ತುಂಬಿಸಿದೆ. ಬೆಳಗಿನಿಂದ ಬಾಯಾರಿದ್ದ ಮಾಸ್ಯಾ ನೀರಿನ ಸದ್ದಿಗೆ ಕಿವಿ ನಿಮಿರಿಸಿ, ನಾಲಗೆ ಚಾಚಿ ಮುಂದೆ ಬಂತು. ಶೇಖಮ್ಮ ಓಡಿಬಂದು ಅದರ ಮೂಗುದಾಣ ಹಿಡಿದಳು. ಎತ್ತು ಮುಂದಕ್ಕೆ ಜಗ್ಗುತ್ತಿತ್ತು, ಅವಳು ಹಿಂದಕ್ಕೆ. ಅದರ ಮೂತಿಗೂ ನೀರಿಗೂ ನಡುವೆ ಒಂದು ಗೇಣು ಇತ್ತಷ್ಟೆ.

"ನೀರು ಬಿದ್ರ ಒಳಗಿನ ಕಾಳು ಉಬ್ಬತಾವ. ಹೊಟ್ಟಿ ಒಡೀತೈತಿ. ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಎತ್ತಿಗೆ ನೀರು ಬ್ಯಾಡಂತ ಈ ಚೀಟ್ಯಾಗ ಎಲ್ಲೈತಿ? ತೋರಸು."

ಅವಳು ಚೀಟಿ ನೋಡಿದಳು, ಎತ್ತಿನ ಹೊಟ್ಟೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ಅವಳ ದನಿ ಮೆತ್ತಗಾಯಿತು.

"ಆತು, ನೀವು ಓದಿದ್ದ ಖರೆ. ಆದ್ರ ಬರದಾಂವ ಮೊದಲು ಬಳ್ಳಿ ಮಾತು ಬರದಾನಲ್ಲ? ಮೊದಲು ಬಳ್ಳಿ ಕಿತ್ತು ಬರ್ರಿ. ಆಮ್ಯಾಲ ನೀರು."

ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಹೆಂಡತಿ ಸೋತಿದ್ದಳು! ವಿದ್ಯೆಯ ಮಹಿಮೆ ಎಂದುಕೊಳ್ಳುತ್ತ ಹೊಲಕ್ಕೆ ಹೋದೆ.

ಸಜ್ಜೆ ಕೊಯ್ದ ಹೊಲದ ಸಾಲುಗಳಲ್ಲಿ ಅವಳ ಬಳ್ಳಿಗಳಿದ್ದವು. ಸವತೆ, ಹೀರೆ, ಕುಂಬಳ. ತಿಪ್ಪೆಯ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ತಂದು ಅವಳೇ ಬೆಳೆಸಿದ್ದು. ಬೀಜಕ್ಕೆಂದು ಬಿಟ್ಟ ಕಾಯಿಗಳಿಗೆ ಹಳೆಯ ಸೀರೆಯ ಚಿಂದಿ ಕಟ್ಟಿದ್ದಳು. ಅವು ಬಲಿತ ಮೇಲೆ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಗಡಿಗೆಯಲ್ಲಿ ಇಡುವುದು ಅವಳ ತವರಿನಿಂದ ಬಂದ ಪದ್ಧತಿ. ಚಿಂದಿ ಕಟ್ಟಿದ್ದನ್ನು ಮುಟ್ಟುವಾಗ ಕೈ ತುಸು ಹಿಂಜರಿಯಿತು. ಆದರೆ ಚೀಟಿಯಲ್ಲಿ ಯಾವ ಬಳ್ಳಿಗೂ ಮಾಫಿ ಇರಲಿಲ್ಲ. ಹೊತ್ತು ಇಳಿಯುವವರೆಗೆ ಕಿತ್ತೆ.

ಬಳ್ಳಿಯ ಹೊರೆ ಹೊತ್ತು ಬಂದಾಗ ಹುಸೇನ್‌ಸಾಬ್ ಅಂಗಳದಲ್ಲಿದ್ದ. ಶೇಖಮ್ಮ ಮಾಸ್ಯಾನ ಬಾಯಿ ಎತ್ತಿ ಹಿಡಿದಿದ್ದಳು; ಮುದುಕ ಬಿದಿರಿನ ಗೊಟ್ಟದಲ್ಲಿ ಕುಸುಬಿ ಎಣ್ಣೆ ಹುಯ್ಯುತ್ತಿದ್ದ.

"ಒಂದ್ ಗುಟುಕೂ ಕುಡದಿಲ್ಲ ಹೌದಲ್ಲವ್ವಾ?"

"ಹನಿ ಮುಟ್ಟಿಸಿಲ್ಲ ಕಾಕಾ."

"ಬದುಕ್ತು. ಕುಡದಿದ್ರ ನಾ ಬಂದು ಕುಣಿ ತೋಡಬೇಕಾಗಿತ್ತು. ಅದಕ್ಕ ಚೀಟ್ಯಾಗ ಮೊದಲ ಅದನ್ನ ಬರದೆ, ಬೈಲಿಗೆ ನೀರು ಬ್ಯಾಡಂತ."

ಹೊರೆ ನನ್ನ ತಲೆಯಿಂದ ಜಾರಿತು. ಬೈಲ್ ಎಂದರೆ ಎತ್ತು. ಉರ್ದುವಿನಲ್ಲಿ ಎತ್ತಿಗೂ ಬಳ್ಳಿಗೂ ಅವೇ ಮೂರು ಅಕ್ಷರ. ಮೊದಲಕ್ಷರದ ನೆತ್ತಿಯ ಮೇಲೆ ಜಬರ್ ಎಂಬ ಸಣ್ಣ ಗೀಟು ಇದ್ದರೆ ಬೈಲ್, ಇಲ್ಲದಿದ್ದರೆ ಬೇಲ್. ಅವಸರದಲ್ಲಿ ಬರೆಯುವವರು ಯಾರೂ ಆ ಗೀಟು ಹಾಕುವುದಿಲ್ಲ. ಓದುವವನಿಗೆ ಬುದ್ಧಿ ಇರುತ್ತದೆಂದು ನಂಬುತ್ತಾರೆ.

"ಕಾಕಾ, ನೀ ಜಬರ್ ಹಾಕಿದ್ದಿಲ್ಲ," ಎಂದೆ ಕ್ಷೀಣ ದನಿಯಲ್ಲಿ.

"ಹೊಟ್ಟಿ ಉಬ್ಬಿದ ಎತ್ತು ಎದುರಿಗೆ ನಿಂತೈತಿ. ಜಬರ್ ಯಾಕ ಬೇಕೋ ನಿನಗ? ಜಬರ್ ಇಲ್ಲಂತ ಜಬರದಸ್ತಿ ಮಾಡಿದೇನು?" ಎಂದವನ ಕಣ್ಣು ಆಗ ಹೊರೆಯ ಮೇಲೆ ಬಿತ್ತು. "ಈ ಬಳ್ಳಿ ಯಾಕ ಕಿತ್ತಾನವ್ವಾ ಇವ?"

ಶೇಖಮ್ಮ ಚಿಂದಿ ಕಟ್ಟಿದ ಒಂದು ಎಳೆ ಸವತೆಯನ್ನು ಎತ್ತಿ ಮಣ್ಣು ಒರೆಸಿದಳು. "ನಾನ ಕೀಳಾಕ ಕಳಿಸಿದ್ದೆ ಕಾಕಾ. ಬಾನಿ ಕಡಿಂದ ಇವರನ್ನ ದೂರ ಇಡಾಕ ಮತ್ತೇನೂ ಹೊಳೀಲಿಲ್ಲ. ಬೀಜ ತವರಿನಿಂದ ಮತ್ತ ತರಬಹುದು, ಎತ್ತು ಎಲ್ಲಿಂದ ತರ್ಲಿ?"

ಆಮೇಲೆ ಮೂವರೂ ಮಾಸ್ಯಾನನ್ನು ಅಂಗಳದ ಸುತ್ತ ನಡೆಸಿದೆವು. ನಾನು ಅದರ ಹೊಟ್ಟೆ ತಿಕ್ಕಿದೆ. ಹತ್ತು ಸುತ್ತು, ಇಪ್ಪತ್ತು ಸುತ್ತು. ದೀಪ ಹಚ್ಚುವ ಹೊತ್ತಿಗೆ ಅದರ ಹಿಂಭಾಗದಿಂದ ಒಂದು ದೀರ್ಘ ಸದ್ದು ಬಂತು. ಶಹನಾಯಿಯೂ ನನ್ನ ಕಿವಿಗೆ ಅಷ್ಟು ಇಂಪಾಗಿ ಕೇಳಿದ್ದಿಲ್ಲ. ಇನ್ನೊಂದು ಗಳಿಗೆಗೆ ಮಾಸ್ಯಾ ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. ಶೇಖಮ್ಮ ಅದರ ಕೊರಳಿಗೆ ಹಣೆ ಹಚ್ಚಿ ನಿಂತಳು.

ಹುಸೇನ್‌ಸಾಬ್ ಕೈ ತೊಳೆದು, ಜೇಬಿನಿಂದ ಕಾಗದ ತೆಗೆದು, ನಾಳೆ ಅಂಗಡಿಯಿಂದ ತರಬೇಕಾದ ಔಷಧ ಬರೆದ. ನಾನು ರೂಢಿಯಂತೆ ಕೈ ಚಾಚಿದೆ. ಅವನು ನನ್ನನ್ನು ದಾಟಿ ಹೋಗಿ ಅದನ್ನು ಶೇಖಮ್ಮನ ಕೈಗೆ ಕೊಟ್ಟ.

"ಕಾಕಾ, ನನಗ ಓದಾಕ ಬರಂಗಿಲ್ಲಲ್ಲ," ಎಂದಳು ಅವಳು.

"ಗೊತ್ತೈತವ್ವಾ. ಅದಕ್ಕ ನಿನ್ನ ಕೈಯಾಗ ಕೊಟ್ಟೀನಿ."